ಹಳೇ ಕಂಪ್ಯೂಟರ್‌ಗೆ ಹೊಸ ಓಎಸ್: ಡಿಸ್ಕ್ ಕೇಳೋ ಪರದೇಲಿ ಅವಸರ ಬೇಡ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ನಿಂತಾಗಿಂದ ಮೈಸೂರಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಮಾತು, ಚೆನ್ನಾಗಿ ಓಡ್ತಿರೋ ಕಂಪ್ಯೂಟರ್ ಗುಜರಿಗೆ ಹಾಕ್ಬೇಕಾ ಅಂತ. ಬೇಡವೇ ಬೇಡ. ಆದ್ರೆ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಬದಲಾಯಿಸೋಕೆ ಹೋಗಿ ಮಗುವಿನ ನಾಮಕರಣದ ಫೋಟೋ, ಸೈಟಿನ ಪತ್ರದ ಸ್ಕ್ಯಾನ್ ಎಲ್ಲಾ ಅಳಿಸ್ಕೊಂಡೋರನ್ನ ಬೇಕಾದಷ್ಟು ನೋಡಿದೀನಿ, ಹಾಗಾಗಿ ಆ ಜಾಗ ಎಲ್ಲಿ ಬರತ್ತೆ ಅಂತ ಬಿಡಿಸಿ ಹೇಳ್ತೀನಿ.

ಮೊದಲು ಆ ಕಂಪ್ಯೂಟರ್‌ನಲ್ಲಿ ಯಾರ್ಯಾರು ಏನೇನು ಮಾಡ್ತಾರೆ ಅಂತ ಒಂದು ಚೀಟೀಲಿ ಬರ್ಕೊಳಿ. ಟ್ಯಾಲೀಲಿ ಅಂಗಡಿ ಲೆಕ್ಕ ಬರೀತೀರಾ, ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚಿ ಫೈಲಿಂಗ್ ಮಾಡ್ತೀರಾ, ಹಾಗಿದ್ರೆ ವಿಂಡೋಸ್‌ನಲ್ಲೇ ಇರಿ. ಬ್ರೌಸರ್, ಯೂಟ್ಯೂಬ್, ಮಕ್ಕಳ ಪ್ರಾಜೆಕ್ಟ್, ಬ್ಯಾಂಕ್ ಕೆಲಸ ಇಷ್ಟೇ ಅಂದ್ರೆ ವಿಂಡೋಸ್ ಬದಲು ಹಾಕೋ ಉಚಿತ ಓಎಸ್ ಲಿನಕ್ಸ್ ಧಾರಾಳವಾಗಿ ಸಾಕು.

ವಿಂಡೋಸ್ 11 ಆಗತ್ತಾ ಅಂತ ನೋಡೋಕೆ ಇಂಟೆಲ್ ಪ್ರೊಸೆಸರ್ ಆದ್ರೆ ಅದರ ನಂಬರ್ ನೋಡಿ. ಐ5-7400 ಅಂತಿದ್ರೆ ಏಳನೇ ಜನರೇಷನ್, ಆಗಲ್ಲ, ಐ5-8400 ಅಂದ್ರೆ ಎಂಟನೇದು, ಆಗತ್ತೆ, ಐ3-10100 ಅಂತಿದ್ರೆ ಅದು ಒಂದನೇದಲ್ಲ, ಹತ್ತನೇದು. ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಬೇಕು, ಎಷ್ಟೋ ಬೋರ್ಡಲ್ಲಿ ಅದು ಇದ್ದೂ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆಗೆಯೋ ಸೆಟ್ಟಿಂಗ್ಸ್) ಆಫ್ ಆಗಿರತ್ತೆ, ಆನ್ ಮಾಡಿದ್ರೆ ಆಯ್ತು. ಆದ್ರೆ ಆ್ಯಕ್ಟಿವೇಟರ್ ಹಾಕಿದ ಕ್ರ್ಯಾಕ್ ವಿಂಡೋಸ್, ಯಾರೋ ಕತ್ತರಿಸಿ ಜೋಡಿಸಿದ 'ಲೈಟ್' ವಿಂಡೋಸ್ ಮಾತ್ರ ಮನೆಗೆ ತರಬೇಡಿ. ಆ್ಯಂಟಿವೈರಸ್ ಆಫ್ ಮಾಡಿ ಆಮೇಲೆ ರನ್ ಮಾಡಿ ಅನ್ನೋ ಸಾಫ್ಟ್‌ವೇರ್ ಹಾಕಿರೋ ಮೆಷಿನ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೊಡೆಯೋದು ಹೇಗೆ?

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ನನ್ನ ಪ್ರಕಾರ ಮಿಂಟ್, ಬೇರೆ ಹುಡುಕೋಕೆ ಹೋಗ್ಬೇಡಿ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಬರತ್ತೆ. 8 ಜಿಬಿ ರ್‍ಯಾಮ್ ಇದ್ರೆ ಮಿಂಟ್‌ನ ಸಿನಮನ್ ಆವೃತ್ತಿ, 4 ಜಿಬಿ ಇದ್ರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇನ್ನೂ ತಿರುಗೋ ಹಾರ್ಡ್ ಡಿಸ್ಕೇ ಇದ್ರೆ ಓಎಸ್ ಯೋಚನೆ ಪಕ್ಕಕ್ಕಿಟ್ಟು ಮೊದಲು 256 ಜಿಬಿದಾದ್ರೂ ಒಂದು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕ್ಸಿ, ಯಾವ ಟ್ಯೂನಿಂಗೂ ಅಷ್ಟು ವೇಗ ಕೊಡಲ್ಲ. ಇನ್‌ಸ್ಟಾಲ್‌ಗೆ ಪೆನ್‌ಡ್ರೈವ್ ಸಿದ್ಧ ಮಾಡೋದು ಸುಲಭ, ಮಿಂಟ್ ವೆಬ್‌ಸೈಟಿಂದ ಐಎಸ್‌ಒ ಫೈಲ್ ಇಳಿಸ್ಕೊಂಡು ರುಫುಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವಿಗೆ ಬರೀರಿ, ಪೆನ್‌ಡ್ರೈವಲ್ಲಿ ಇರೋದೆಲ್ಲ ಹೋಗತ್ತೆ ಅನ್ನೋದು ನೆನಪಿರ್ಲಿ.

ಈಗ ಎಲ್ರೂ ಎಡವೋ ಜಾಗ. ನಮ್ಮಲ್ಲಿ ಸಾಮಾನ್ಯವಾಗಿ 'ಫೋಟೋ ಎಲ್ಲಾ ಡಿ ಡ್ರೈವಲ್ಲಿದೆ, ಸಿ ಹೋದ್ರೆ ಹೋಗ್ಲಿ' ಅಂತ ಕೂತಿರ್ತಾರೆ, ಅಂಗಡೀಲಿ ವಿಂಡೋಸ್ ಹಾಕ್ಸಿದಾಗೆಲ್ಲ ಸಿ ಒಂದೇ ಫಾರ್ಮ್ಯಾಟ್ ಆಗಿ ಡಿ ಉಳಿದಿರತ್ತಲ್ಲ, ಅದೇ ಅಭ್ಯಾಸ. ಆದ್ರೆ ಸಾಮಾನ್ಯವಾಗಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಮಿಂಟ್ ಇನ್‌ಸ್ಟಾಲರ್‌ನಲ್ಲಿ 'ಇರೇಸ್ ಡಿಸ್ಕ್' ಒತ್ತಿದ್ರೆ ಇಡೀ ಡಿಸ್ಕೇ ಗುಡಿಸಿ ಹೋಗತ್ತೆ, ಡಿ ಸಮೇತ. ಅದಕ್ಕೆ ಮೊದಲು ಬೇಕಾದ್ದೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮರೀಬೇಡಿ, ಅವು ಇರೋದು ಸಿ ಒಳಗೆ. ಕಾಪಿ ಆದ್ಮೇಲೆ ಆ ಡಿಸ್ಕನ್ನ ಬೇರೆ ಕಂಪ್ಯೂಟರ್‌ಗೆ ಹಾಕಿ ನಾಕು ಫೋಟೋ ತೆಗೆದು ನೋಡಿ, ಆಮೇಲೆ ಕಳಚಿ ಬೀರುವಲ್ಲಿಡಿ. ಚುಚ್ಚೇ ಇಟ್ರೆ ಇನ್‌ಸ್ಟಾಲರ್ ಪಟ್ಟೀಲಿ ಅದೂ ಬರತ್ತೆ, ಅದನ್ನೇ ಒರೆಸೋ ಪ್ರಮಾದ ಆಗೋದು ಹೀಗೇನೇ.

ವಿಂಡೋಸೂ ಇರ್ಲಿ ಮಿಂಟೂ ಇರ್ಲಿ ಅಂದ್ರೆ ಜಾಗ ಬಿಡಿಸೋ ಕೆಲಸ ವಿಂಡೋಸ್ ಒಳಗೇ ಮಾಡಿ: ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಡಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್, ಒಂದು 60 ಜಿಬಿ ಬಿಡಿಸಿ ಹಾಗೇ ಖಾಲಿ ಬಿಡಿ, ಅದಕ್ಕೆ ಡ್ರೈವ್ ಲೆಟರ್ ಕೊಡೋಕೆ ಹೋಗ್ಬೇಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಡ್ರೈವನ್ನ ಹಿಡ್ಕೊಂಡೇ ಇರತ್ತೆ. ಲ್ಯಾಪ್‌ಟಾಪ್ ಆದ್ರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ಎನ್‌ಕ್ರಿಪ್ಷನ್) ಆನ್ ಇದೆಯಾ ನೋಡಿ, ಇದ್ರೆ ಮೊದಲು ಆಫ್ ಮಾಡಿ ಪೂರ್ತಿ ಡಿಕ್ರಿಪ್ಟ್ ಆಗೋವರೆಗೂ ಕಾಯಿರಿ, 48 ಅಂಕಿಯ ರಿಕವರಿ ಕೀನೂ ಕಾಗದದಲ್ಲಿ ಬರ್ದಿಡಿ.

ಇನ್‌ಸ್ಟಾಲರ್ 'ಅಲಾಂಗ್‌ಸೈಡ್' (ವಿಂಡೋಸ್ ಪಕ್ಕದಲ್ಲೇ ಹಾಕೋದು) ಅಂತ ಒಂದು ಆಪ್ಷನ್ ಕೊಡತ್ತೆ, ಎಷ್ಟೋ ಜನ ಅದನ್ನೇ ಒತ್ತತಾರೆ, ನಾನು ಹೇಳೋದು 'ಸಮ್‌ಥಿಂಗ್ ಎಲ್ಸ್' ಒತ್ತಿ ಅಂತ, ಯಾಕಂದ್ರೆ ಏನು ಎಲ್ಲಿಗೆ ಹೋಗ್ತಿದೆ ಅಂತ ಕಣ್ಣಿಗೆ ಕಾಣತ್ತೆ. ಪಟ್ಟೀಲಿ ಎನ್‌ಟಿಎಫ್‌ಎಸ್ ಅಂತಿರೋದು ನಿಮ್ಮ ಸಿ, ಡಿ, ಮುಟ್ಟಬೇಡಿ. ಇಎಫ್‌ಐ ಅಂತ ಪುಟ್ಟದೊಂದು ಸಾಮಾನ್ಯವಾಗಿ ಇರತ್ತೆ, ಎರಡು ಓಎಸ್‌ಗೂ ಬಾಗಿಲು ಅದೇ, ಫಾರ್ಮ್ಯಾಟ್ ಟಿಕ್ ಹಾಕಲೇಬೇಡಿ. 'ಫ್ರೀ ಸ್ಪೇಸ್' ಅಂತ ಸುಮಾರು 60 ಜಿಬಿ ಇರೋ ಸಾಲು ಆರಿಸಿ ಪ್ಲಸ್ ಒತ್ತಿ, ಫೈಲ್ ಸಿಸ್ಟಮ್ ಎಕ್ಸ್‌ಟಿ4 ಅಂತ ಕೊಟ್ಟು ಮೌಂಟ್ ಪಾಯಿಂಟ್‌ಗೆ ಬರೀ ಒಂದು ಸ್ಲ್ಯಾಷ್ (/) ಹಾಕಿ. 'ಇನ್‌ಸ್ಟಾಲ್ ನೌ' ಒತ್ತಿದ್ಮೇಲೆ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗತ್ತೆ ಅಂತ ಒಂದು ಸಣ್ಣ ಕಿಟಕಿ ತೋರ್ಸತ್ತೆ, ಅದನ್ನ ಓದದೆ ಮುಂದೆ ಹೋಗಬಾರದು. ಅಲ್ಲಿವರೆಗೂ ಡಿಸ್ಕಿಗೆ ಏನೂ ಬರೆದಿರಲ್ಲ, ಅನುಮಾನ ಬಂದ್ರೆ ಗೋ ಬ್ಯಾಕ್ ಒತ್ತಿ, ಏನೂ ನಷ್ಟ ಇಲ್ಲ. ಮಂಡ್ಯ ಕಡೆಯೋರಾಗ್ಲಿ ಮೈಸೂರೋರಾಗ್ಲಿ ಆ ದಿನ ಪೇಪರ್‌ನಲ್ಲಿ ಸೆಸ್ಕ್‌ನ ವಿದ್ಯುತ್ ವ್ಯತ್ಯಯದ ಸುದ್ದಿ ನೋಡ್ಕೊಂಡು, ಯುಪಿಎಸ್ ಇದ್ರೆ ಅದರ ಮೇಲೇ ಶುರು ಮಾಡಿ, ಮಧ್ಯ ಕರೆಂಟ್ ಹೋದ್ರೆ ಅರ್ಧಂಬರ್ಧ ಓಎಸ್ ಉಳಿಯತ್ತೆ.

ಇನ್‌ಸ್ಟಾಲ್‌ಗೆ ಮುಂಚೇನೇ ಪೆನ್‌ಡ್ರೈವಿಂದ ಲೈವ್ ಓಡ್ಸಿ (ಡಿಸ್ಕಿಗೆ ಏನೂ ಹಾಕದೆ) ವೈಫೈ, ಸೌಂಡ್, ಪ್ರಿಂಟರ್ ನೋಡ್ಬಿಡಿ. ಎಚ್‌ಪಿ ಪ್ರಿಂಟರ್‌ಗಳು ಸಾಮಾನ್ಯವಾಗಿ ತಾವೇ ಸಿಗತ್ವೆ, ಕ್ಯಾನನ್ ಎಲ್‌ಬಿಪಿ 2900ಗೆ ಬೇರೆ ಡ್ರೈವರ್ ಹುಡುಕಬೇಕು.

ಟ್ಯೂನಿಂಗ್ ಹೆಚ್ಚೇನಿಲ್ಲ. ಅಪ್‌ಡೇಟ್ ಮ್ಯಾನೇಜರ್ ಓಡ್ಸಿ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿದ್ರೆ ಡ್ರೈವರ್ ಮ್ಯಾನೇಜರ್, ಸ್ಟಾರ್ಟಪ್‌ನಲ್ಲಿ ಬೇಡದ್ದು ಆಫ್. ಸಿಸ್ಟಮ್ ಕೆಟ್ರೆ ಹಿಂದಿನ ಸ್ಥಿತಿಗೆ ತರೋ ಟೈಮ್‌ಶಿಫ್ಟ್ ಸೆಟ್ ಮಾಡಿ, ಆದ್ರೆ ಅದು ಉಳಿಸೋದು ಸಿಸ್ಟಮ್ ಫೈಲ್ಸ್ ಮಾತ್ರ, ನಿಮ್ಮ ಫೋಟೋಗಳಿಗೆ ಆ ಹೊರಗಿನ ಡಿಸ್ಕೇ ಗತಿ. ವಿಂಡೋಸಲ್ಲೇ ಉಳಿಯೋರು ಕ್ಲೀನರ್, ಬೂಸ್ಟರ್ ಅಂತ ಜಾಹೀರಾತು ಬರೋ ಯಾವುದನ್ನೂ ಹಾಕ್ಬೇಡಿ, ಅವೇ ಕಂಪ್ಯೂಟರ್ ನಿಧಾನ ಮಾಡತ್ವೆ.

ಕೊನೇದು ಕನ್ನಡ. ಕೀಬೋರ್ಡ್ ಲೇಔಟ್ ಪಟ್ಟೀಲಿ ಕನ್ನಡದ ಕೆಳಗೆ ಕಗಪ ಸಿಗತ್ತೆ, ನುಡಿ ಅಭ್ಯಾಸ ಇರೋರಿಗೆ ಬೇಗ ಕೈ ಕೂರತ್ತೆ. ಹಳೇ ನುಡಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ಫೈಲ್ಸ್ ಇದ್ರೆ ವಿಂಡೋಸ್ ತೆಗೆಯೋಕೆ ಮುಂಚೆ ಎಲ್ಲಾ ಕಡೆ ಓದೋಕಾಗೋ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಳಿ, ಆ ಫಾಂಟಿಲ್ಲದ ಕಡೆ ತೆಗೆದ್ರೆ ಅಕ್ಷರದ ಬದಲು ಅರ್ಥವಿಲ್ಲದ ಗುರುತುಗಳೇ ಕಾಣತ್ವೆ.