ಅಮೆರಿಕದ ವಲಸೆ ಬಂಧನವನ್ನು ಫೆಡರಲ್ ನ್ಯಾಯಾಲಯದಲ್ಲಿ ಪ್ರಶ್ನಿಸುವ ಬಗೆ

ಅಮೆರಿಕದಲ್ಲಿ ವಲಸೆ ಅಧಿಕಾರಿಗಳು ಒಬ್ಬರನ್ನು ಬಂಧಿಸಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅವರು ಆ ದೇಶದಲ್ಲಿ ಉಳಿಯಬಹುದೇ ಎಂಬುದು ಒಂದು. ಅದು ತೀರ್ಮಾನವಾಗುವವರೆಗೆ ಅವರನ್ನು ಕೂಡಿಹಾಕಬಹುದೇ ಎಂಬುದು ಇನ್ನೊಂದು. ಮೊದಲನೆಯದು ನ್ಯಾಯ ಇಲಾಖೆಯ ಅಧೀನದಲ್ಲಿರುವ ವಲಸೆ ನ್ಯಾಯಾಲಯಕ್ಕೆ ಸೇರಿದ್ದು. ಎರಡನೆಯದನ್ನು ಹೇಬಿಯಸ್ ಕಾರ್ಪಸ್ ಅರ್ಜಿಯ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಲು ಕೋರುವ ಅರ್ಜಿಯ ಮೂಲಕ ಫೆಡರಲ್ ಜಿಲ್ಲಾ ನ್ಯಾಯಾಲಯದ ಮುಂದಿಡಬಹುದು. ಅರ್ಜಿಯಲ್ಲಿ ಇವೆರಡನ್ನೂ ಬೆರೆಸಬಾರದು, ಏಕೆಂದರೆ ಗಡೀಪಾರು ಆದೇಶದ ಸರಿತಪ್ಪನ್ನು ನೋಡುವ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗೆ ಇಲ್ಲ.

ಮೊದಲು ಬಂಧನ ಯಾವ ಕಲಮಿನಡಿ ನಡೆದಿದೆ ಎಂಬುದನ್ನು ಕಾಗದಪತ್ರಗಳಿಂದ ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ಫೆಡರಲ್ ಕಾನೂನು ಸಂಹಿತೆಯ 8ನೇ ಶೀರ್ಷಿಕೆಯ 1226(ಎ) ಕಲಮಿನಡಿ ಬಂಧನದಲ್ಲಿರುವವರು ಮೊದಲು ವಲಸೆ ನ್ಯಾಯಾಧೀಶರ ಬಳಿಯೇ ಜಾಮೀನು ಕೇಳಬಹುದು. ಕನಿಷ್ಠ ಮೊತ್ತ 1,500 ಡಾಲರ್. 1226(ಸಿ) ಕಲಮಿನಡಿ, ಕೆಲವು ಅಪರಾಧಗಳ ಕಾರಣಕ್ಕೆ ಬಂಧಿತರಾದವರಿಗೆ ಈ ಅವಕಾಶವಿಲ್ಲ. ತಪಾಸಣೆಯಿಲ್ಲದೆ ಗಡಿ ದಾಟಿ ಬಂದವರಿಗೂ ಜಾಮೀನು ಇಲ್ಲವೆಂದು ವಲಸೆ ಮೇಲ್ಮನವಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅನೇಕ ಜಿಲ್ಲಾ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಆದ್ದರಿಂದ ಹಳೆಯ ಮಾದರಿ ಅರ್ಜಿಯನ್ನು ನಕಲು ಮಾಡದೆ, ತಮ್ಮ ಜಿಲ್ಲೆಯ ಇತ್ತೀಚಿನ ಆದೇಶಗಳನ್ನು ಓದಿಕೊಳ್ಳಬೇಕು.

ಗಡೀಪಾರು ಆದೇಶ ಅಂತಿಮವಾದ ಮೇಲೂ ಬಂಧನ ಮುಂದುವರಿದಿದ್ದರೆ ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ನೀಡಿದ ಜಡ್ವಿಡಾಸ್ ತೀರ್ಪು ಆಧಾರವಾಗುತ್ತದೆ. ಆರು ತಿಂಗಳ ಬಳಿಕ, ಸಮೀಪ ಭವಿಷ್ಯದಲ್ಲಿ ಗಡೀಪಾರು ನಡೆಯುವ ಸಂಭವ ಕಡಿಮೆಯೆಂದು ನಂಬಲು ತಕ್ಕ ಕಾರಣವನ್ನು ಬಂಧಿತರು ತೋರಿಸಿದರೆ, ಅದನ್ನು ಅಲ್ಲಗಳೆಯುವ ಹೊಣೆ ಸರ್ಕಾರದ ಮೇಲೆ ಬೀಳುತ್ತದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ಈ ಆರು ತಿಂಗಳನ್ನು ಎಣಿಸಬೇಕಾದದ್ದು ಬಂಧನದ ದಿನದಿಂದಲ್ಲ. ಮಂಡಳಿ ಮೇಲ್ಮನವಿಯನ್ನು ವಜಾ ಮಾಡಿದ್ದರೆ ಆ ದಿನಾಂಕದಿಂದ, ಮೇಲ್ಮನವಿಯ ಹಕ್ಕನ್ನು ಬಿಟ್ಟುಕೊಟ್ಟಿದ್ದರೆ ವಲಸೆ ನ್ಯಾಯಾಧೀಶರು ಆದೇಶ ನೀಡಿದ ದಿನದಿಂದಲೇ ಎಣಿಕೆ ಸಾಮಾನ್ಯವಾಗಿ ಶುರುವಾಗುತ್ತದೆ. ಪ್ರಯಾಣ ದಾಖಲೆ ಕೊಡಲು ಸ್ವದೇಶದ ದೂತಾವಾಸ ನಿರಾಕರಿಸಿದ ಪತ್ರವೊಂದಿದ್ದರೆ, ಪುಟಗಟ್ಟಲೆ ವಾದಕ್ಕಿಂತ ಅದರ ತೂಕ ಹೆಚ್ಚು.

ಅರ್ಜಿಯನ್ನು ಸಲ್ಲಿಸುವ ದಿನ ಬಂಧಿತರು ಯಾವ ಜಿಲ್ಲೆಯಲ್ಲಿದ್ದಾರೋ ಅಲ್ಲಿಯ ನ್ಯಾಯಾಲಯಕ್ಕೇ ಕೊಡಬೇಕು, ಮನೆಯಿರುವ ಊರಿನಲ್ಲಲ್ಲ. ಬಂಧಿತರನ್ನು ರಾತ್ರೋರಾತ್ರಿ ಬೇರೆ ರಾಜ್ಯಕ್ಕೆ ಸಾಗಿಸುವುದು ಅಪರೂಪವಲ್ಲವಾದ್ದರಿಂದ, ಅವರ ‘ಎ’ ಸಂಖ್ಯೆಯನ್ನು (ವಲಸೆ ಕಡತದ ಗುರುತು ಸಂಖ್ಯೆ) ಬಳಸಿ, ಬಂಧಿತರು ಎಲ್ಲಿದ್ದಾರೆಂದು ತೋರಿಸುವ ಸರ್ಕಾರಿ ಆನ್‌ಲೈನ್ ಶೋಧಕದಲ್ಲಿ ಅಂದೇ ಮತ್ತೊಮ್ಮೆ ನೋಡುವುದು ಲೇಸು. ಸರಿಯಾದ ಜಿಲ್ಲೆಯಲ್ಲಿ ಸಲ್ಲಿಸಿದ ಮೇಲೆ ಸಾಗಿಸಿದರೂ ಆ ನ್ಯಾಯಾಲಯದ ಅಧಿಕಾರ ಹೋಗುವುದಿಲ್ಲ. ಬಂಧನ ಕೇಂದ್ರದ ಮುಖ್ಯಸ್ಥರನ್ನು ಪ್ರತಿವಾದಿಯಾಗಿ ಹೆಸರಿಸಬೇಕು. ಶುಲ್ಕ ಐದೇ ಡಾಲರ್. ಅದನ್ನೂ ಕೊಡಲಾಗದವರು ವಿನಾಯಿತಿ ಕೋರಬಹುದು. ಬಂಧಿತರೇ ಸಹಿ ಮಾಡಲು ಏಕೆ ಸಾಧ್ಯವಿಲ್ಲವೆಂದು ವಿವರಿಸಿ ಆಪ್ತರೊಬ್ಬರು ಸಹಿ ಮಾಡಲೂ ಅವಕಾಶವಿದೆ, ಆದರೆ ವಾದಿಸಲು ವಕೀಲರು ಬೇಕಾಗುತ್ತಾರೆ. ಬಿಡುಗಡೆಯನ್ನು ಕೇಳುವುದರ ಜೊತೆಗೆ, ಅದಾಗದಿದ್ದರೆ ಜಾಮೀನು ವಿಚಾರಣೆಯನ್ನಾದರೂ ನಡೆಸಬೇಕೆಂದು ಕೋರುವುದು ಜಾಣತನ.

ಸರ್ಕಾರದ ಉತ್ತರದೊಂದಿಗೆ ಸಾಮಾನ್ಯವಾಗಿ ಅಧಿಕಾರಿಯೊಬ್ಬರ ಹೇಳಿಕೆ ಇರುತ್ತದೆ. ಅದರಲ್ಲಿ ಗಡೀಪಾರು ‘ಶೀಘ್ರದಲ್ಲೇ’ ಎಂದಷ್ಟೇ ಇದ್ದು, ಪ್ರಯಾಣ ದಾಖಲೆಯನ್ನು ಯಾವಾಗ ಕೇಳಲಾಯಿತು, ದೂತಾವಾಸ ಏನೆಂದು ಉತ್ತರಿಸಿತು ಎಂಬ ವಿವರಗಳಿಲ್ಲದಿದ್ದರೆ, ಪ್ರತ್ಯುತ್ತರವನ್ನು ಆ ಕೊರತೆಯಿಂದಲೇ ಆರಂಭಿಸಬೇಕು.