ಹಳೆಯ ಪಿಕಪ್‌ನ ಹಿಂದಿನ ಬ್ರೇಕ್: ಬಿಚ್ಚಿ, ನೋಡಿ, ಜೋಡಿಸುವ ಬಗೆ

ಹತ್ತು ಹದಿನೈದು ವರ್ಷ ದುಡಿದ ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುವುದೇ ಹೆಚ್ಚು. ಮುಂದಿನ ಪ್ಯಾಡ್ ಸವೆದರೆ ಚಕ್ರದ ಸಂದಿಯಿಂದ ಇಣುಕಿದರೂ ಕಾಣುತ್ತದೆ, ಇಲ್ಲವೇ ಕಿರುಗುಟ್ಟಿ ತಾನೇ ಹೇಳುತ್ತದೆ. ಹಿಂದಿನದು ಹಾಗಲ್ಲ. ಡ್ರಮ್ಮಿಗೆ ಒಳಗಿನಿಂದ ಒತ್ತುವ ಕಮಾನಿನಂಥ ಶೂಗಳ ಮೇಲಿನ ಉಜ್ಜುಪದರ, ಅಂದರೆ ಲೈನರ್, ತಗಡಾಗಿದ್ದರೂ, ಆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಒಸರುತ್ತಿದ್ದರೂ ಗಾಡಿ ಖಾಲಿ ಇರುವಾಗ ಗೊತ್ತೇ ಆಗುವುದಿಲ್ಲ. ಆಗ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಚಕ್ರಗಳದ್ದು. ಲೋಡ್ ಹಾಕಿಕೊಂಡು ಇಳಿಜಾರಿಗೆ ಬಂದಾಗಲೇ ಕೊರತೆ ಬಯಲಾಗುತ್ತದೆ. ಹಳೆಯ ಪಿಕಪ್‌ನ ರಿಪೇರಿಯನ್ನು ಸ್ವತಃ ಕಲಿಯಬೇಕು ಎನ್ನುವವರು ಬಾನೆಟ್ ತೆರೆಯುವ ಮೊದಲು ಹಿಂದಿನ ಡ್ರಮ್ ಬಿಚ್ಚಬೇಕು ಎನ್ನುವುದು ಅದಕ್ಕೇ. ವಿಶೇಷ ಉಪಕರಣ ಹೆಚ್ಚು ಬೇಡ. ಬೇಕಾದದ್ದು ಒಂದು ರಜಾದಿನ ಮತ್ತು ತಾಳ್ಮೆ.

ಬಿಚ್ಚುವ ಮುನ್ನ ಪೆಡಲ್ ಏನು ಹೇಳುತ್ತದೆ?

ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ. ಮೊದಲ ಸಲ ಆಳಕ್ಕೆ ಹೋಗಿ, ತಕ್ಷಣ ಎರಡನೇ ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿದೆ ಎಂದರ್ಥ. ಲೈನರ್ ಸವೆದಿರಬಹುದು ಅಥವಾ ಆ ಅಂತರವನ್ನು ಹೊಂದಿಸುವ ಅಡ್ಜಸ್ಟರ್ ಹಿಡಿದುಕೊಂಡಿರಬಹುದು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಕಾಲು ಒತ್ತಿ ಹಿಡಿದಂತೆಯೇ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ. ಹೊರಗೆ ಎಲ್ಲೂ ತೇವ ಕಾಣದಿದ್ದರೆ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಹೋಗಿದೆ. ಓಡುವಾಗ ಬ್ರೇಕ್ ಹಿಡಿದರೆ ಪೆಡಲ್ ಕಾಲಡಿ ಮಿಡಿಯುವಂತೆ ಕುಣಿದರೆ ಡ್ರಮ್ ಅಥವಾ ಡಿಸ್ಕ್ ವಕ್ರವಾಗಿದೆ. ಒಂದು ಹಿಂದಿನ ಚಕ್ರ ಮಾತ್ರ ಥಟ್ಟನೆ ಲಾಕ್ ಆಗುತ್ತಿದ್ದರೆ ಆ ಕಡೆಯ ಲೈನರ್‌ಗೆ ಆಯಿಲ್ ತಗುಲಿರುವ ಸಾಧ್ಯತೆ ಹೆಚ್ಚು. ಆಯಿಲ್ ಬಿದ್ದರೆ ಬ್ರೇಕ್ ಜಾರುತ್ತದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಸ್ವಲ್ಪವೇ ತಗುಲಿದಾಗ ಲೈನರ್ ಅಂಟಿನಂತೆ ಕಚ್ಚಿಕೊಳ್ಳುವುದೂ ಉಂಟು.

ಗಾಡಿ ಎತ್ತುವುದು

ಇಲ್ಲಿ ಅವಸರ ಬೇಡ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಚಕ್ರಗಳನ್ನೇ ಮೇಲೆತ್ತಿದ ಮೇಲೆ ಹ್ಯಾಂಡ್‌ಬ್ರೇಕಾಗಲಿ, ಹಿಂದಿನ ಚಕ್ರಕ್ಕೆ ಎಳೆತವಿರುವ ಗಾಡಿಯಾದರೆ ಗೇರಾಗಲಿ ಗಾಡಿಯನ್ನು ತಡೆಯುವುದಿಲ್ಲ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಕೆಲವು ಹಳೆಯ ಗಾಡಿಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ನಟ್ಟು ಜಗ್ಗದಿದ್ದರೆ ಉದ್ದ ಪೈಪು ಹಾಕಿ ಬಲ ಬಿಡುವ ಮೊದಲು ಸ್ಟಡ್‌ನ ತುದಿಯಲ್ಲಿ 'ಎಲ್' ಅಕ್ಷರ ಇದೆಯೇ ನೋಡಿ.

ಜ್ಯಾಕ್ ಎತ್ತುವುದಕ್ಕೆ ಮಾತ್ರ. ಭಾರ ಹೊರಬೇಕಾದದ್ದು ಸ್ಟ್ಯಾಂಡ್. ಸ್ಟ್ಯಾಂಡ್‌ಗಳನ್ನು ಹಿಂದಿನ ಆಕ್ಸಲ್ ಕೊಳವೆಯ ಕೆಳಗೆ, ಪ್ಲೇಟ್ ಸ್ಪ್ರಿಂಗ್ ಕೂರುವ ಜಾಗದ ಹತ್ತಿರ ಕೊಡಿ. ಛಾಸಿಗೆ ಕೊಟ್ಟು ಆಕ್ಸಲ್ ಜೋತಾಡಲು ಬಿಡಬೇಡಿ, ಏರ್ ತೆಗೆಯುವಾಗ, ಅಂದರೆ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಹಾಕುವಾಗ, ಇದು ತೊಂದರೆ ಕೊಡುತ್ತದೆ. ಕಾರಣ ಮುಂದೆ ಬರುತ್ತದೆ. ಸಿಮೆಂಟ್ ಇಟ್ಟಿಗೆಯ ಮೇಲೆ ನಿಲ್ಲಿಸುವ ಯೋಚನೆ ಬೇಡ, ಅದು ಮುನ್ಸೂಚನೆಯಿಲ್ಲದೆ ಸಿಡಿದು ಪುಡಿಯಾಗುತ್ತದೆ.

ಡ್ರಮ್ ಬರದಿದ್ದರೆ

ಹ್ಯಾಂಡ್‌ಬ್ರೇಕ್ ಬಿಡಿ. ಡ್ರಮ್ಮನ್ನು ಹಿಡಿದಿರುವ ಸಣ್ಣ ಸ್ಕ್ರೂ ಇದ್ದರೆ ಬಿಚ್ಚಿ. ಬಹಳ ವರ್ಷ ಬಿಚ್ಚದ ಡ್ರಮ್ ಕೈಯಲ್ಲಿ ಎಳೆದರೆ ಬರುವುದು ಅಪರೂಪ, ಮತ್ತು ಅದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ.

ಡ್ರಮ್ ಅಲುಗಾಡುವುದೇ ಇಲ್ಲ ಎಂದರೆ ನಡುವಿನ ಹಬ್‌ಗೆ ತುಕ್ಕಿನಿಂದ ಅಂಟಿದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ಸ್ಟಡ್‌ಗಳ ನಡುವಿನ ಮುಖಕ್ಕೆ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಅಂಚಿಗೆ ಹೊಡೆದರೆ ಬೀಡು ಕಬ್ಬಿಣ ಒಡೆಯುತ್ತದೆ. ಹಲವು ಡ್ರಮ್‌ಗಳಲ್ಲಿ ಥ್ರೆಡ್ ಇರುವ ಎರಡು ತೂತುಗಳಿರುತ್ತವೆ. ಅವುಗಳಿಗೆ ಹೊಂದುವ ಬೋಲ್ಟುಗಳನ್ನು ಹಾಕಿ, ಒಂದೊಂದಕ್ಕೂ ಅರ್ಧರ್ಧ ಸುತ್ತು ಕೊಡುತ್ತಾ ಬಂದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ.

ಡ್ರಮ್ ಸ್ವಲ್ಪ ಹೊರಗೆ ಬಂದು ಮತ್ತೆ ಸಿಕ್ಕಿಬಿದ್ದರೆ ಕಥೆ ಬೇರೆ. ಲೈನರ್ ಉಜ್ಜಿ ಉಜ್ಜಿ ಡ್ರಮ್ಮಿನ ಒಳಗೆ ಹಳ್ಳವಾಗಿ, ಅಂಚಿನಲ್ಲಿ ಏಣು ಎದ್ದಿದೆ, ಶೂಗಳು ಅದಕ್ಕೆ ತಡೆಯುತ್ತಿವೆ. ಸುತ್ತಿಗೆ ಇಲ್ಲಿ ಉಪಯೋಗವಿಲ್ಲ. ಹಿಂಬದಿಯ ತಗಡಿನ ರಬ್ಬರ್ ಬಿರಡೆ ತೆಗೆದು, ಒಂದು ಸ್ಕ್ರೂಡ್ರೈವರ್‌ನಿಂದ ಅಡ್ಜಸ್ಟರ್‌ನ ತಡೆ ಪಟ್ಟಿಯನ್ನು ಪಕ್ಕಕ್ಕೆ ಒತ್ತಿ ಹಿಡಿದು, ಇನ್ನೊಂದರಿಂದ ಹಲ್ಲಿನ ಚಕ್ರವನ್ನು ಸಡಿಲಿಸುವ ಕಡೆಗೆ ತಿರುಗಿಸಿ. ಶೂಗಳು ಒಳಗೆ ಸರಿದ ಮೇಲೆ ಡ್ರಮ್ ಬರುತ್ತದೆ.

ಭಾರಿ ಪಿಕಪ್‌ಗಳಲ್ಲಿ ಆಕ್ಸಲ್ ಶಾಫ್ಟ್ ಹೊರತೆಗೆದು, ಹಬ್‌ನ ಬೇರಿಂಗ್ ನಟ್ ಬಿಚ್ಚದೆ ಡ್ರಮ್ ಬಾರದ ಜೋಡಣೆಯೂ ಇದೆ. ಚಕ್ರದ ನಡುವೆ ಶಾಫ್ಟ್‌ನ ಚಾಚುಪಟ್ಟಿಗೆ ಸುತ್ತಲೂ ಬೋಲ್ಟುಗಳು ಕಂಡರೆ ನಿಮ್ಮದು ಆ ಬಗೆಯದು. ಮೊದಲ ಪ್ರಯತ್ನಕ್ಕೆ ಅದು ತಕ್ಕ ಗಾಡಿಯಲ್ಲ.

ಡ್ರಮ್ ತೆಗೆದೊಡನೆ ಊದಬೇಡಿ. ಕಂಪ್ರೆಸರ್ ಗಾಳಿಯಂತೂ ಖಂಡಿತ ಬೇಡ. ಹಳೆಯ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಸೋಪಿನ ನೀರು ಅಥವಾ ಬ್ರೇಕ್ ಕ್ಲೀನರ್ ಸಿಂಪಡಿಸಿ, ತೇವ ಮಾಡಿ, ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಏನನ್ನು ನೋಡಬೇಕು

ಲೈನರ್: ಅಂಟಿಸಿದ ಬಗೆಯದಾದರೆ ಲೋಹದ ಮೇಲೆ 1.5 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ, ರಿವೆಟ್ ಹೊಡೆದದ್ದಾದರೆ ರಿವೆಟ್ ತಲೆಯ ಮೇಲೆ 1 ಮಿ.ಮೀ. ಇಲ್ಲದಿದ್ದರೆ ಬದಲಿಸಿ. ನಿಮ್ಮ ಗಾಡಿಯ ಕೈಪಿಡಿ ಇದಕ್ಕಿಂತ ಹೆಚ್ಚು ಹೇಳಿದ್ದರೆ ಅದೇ ಅಂತಿಮ. ಎರಡು ಶೂಗಳು ಒಂದೇ ಸಮ ಸವೆಯದಿರುವುದು ದೋಷವಲ್ಲ. ಡ್ರಮ್ ತಿರುಗುವ ದಿಕ್ಕಿಗೆ ಎಳೆಯಲ್ಪಡುವ ಶೂ ಹೆಚ್ಚು ಕೆಲಸ ಮಾಡುತ್ತದೆ, ಹೆಚ್ಚು ಸವೆಯುತ್ತದೆ. ಆದರೆ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ದೊಡ್ಡ ವ್ಯತ್ಯಾಸವಿದ್ದರೆ ಒಂದು ಕಡೆಯ ವೀಲ್ ಸಿಲಿಂಡರ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಹಿಡಿದುಕೊಂಡಿದೆ. ಹೊಸ ಲೈನರ್ ಹಾಕುವಾಗ ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕಿ. ಒಂದೇ ಕಡೆ ಬದಲಿಸಿದರೆ ಗಾಡಿ ಓರೆಗೆ ಎಳೆಯುತ್ತದೆ.

ಡ್ರಮ್: ಅದರ ಮೈಮೇಲೆಯೇ ಗರಿಷ್ಠ ಒಳವ್ಯಾಸ ಎಷ್ಟೆಂದು ಅಚ್ಚಾಗಿರುತ್ತದೆ. ಅದನ್ನು ಮೀರಿದ್ದರೆ ಲೇತ್‌ಗೆ ಕೊಟ್ಟು ಪ್ರಯೋಜನವಿಲ್ಲ, ಹೊಸದೇ ಬೇಕು. ಗೆರೆಗಳು ಉಗುರಿಗೆ ಸಿಗುವಷ್ಟು ಆಳವಿದ್ದು ಇನ್ನೂ ಅಳತೆಯೊಳಗಿದ್ದರೆ ಎರಡೂ ಡ್ರಮ್ಮುಗಳನ್ನು ಲೇತ್‌ನಲ್ಲಿ ಒಂದೇ ವ್ಯಾಸಕ್ಕೆ ಕೊರೆಸಿ. ಅಂಚಿನವರೆಗೆ ಓಡಿದ ಬಿರುಕು ಕಂಡರೆ ಮರುಮಾತಿಲ್ಲ, ಗುಜರಿಗೆ.

ವೀಲ್ ಸಿಲಿಂಡರ್: ಎರಡೂ ತುದಿಯ ರಬ್ಬರ್ ಟೋಪಿಯನ್ನು ಮೆಲ್ಲಗೆ ಎತ್ತಿ. ಒಳಗಿಂದ ಬ್ರೇಕ್ ಆಯಿಲ್ ಹರಿದರೆ ಸಿಲಿಂಡರ್ ಹೋಗಿದೆ. ರಬ್ಬರ್ ಕಿಟ್ ಮಾತ್ರ ಹಾಕಿ ಉಳಿಸಿಕೊಳ್ಳುವ ಆಸೆ ಸಹಜ. ಆದರೆ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹೊಸ ರಬ್ಬರ್ ಕೂಡ ಬೇಗನೆ ಸೋರುತ್ತದೆ. ಹಳೆಯ ಗಾಡಿಯಲ್ಲಿ ಪೂರ್ತಿ ಸಿಲಿಂಡರ್ ಬದಲಿಸುವುದೇ ಲೇಸು.

ಒಳಗೆ ತೇವವಿದೆ, ಆದರೆ ಸಿಲಿಂಡರ್ ಒಣಗಿದೆ ಎಂದಾದರೆ ಮೂಸಿ ನೋಡಿ. ಕಪ್ಪಗೆ, ದಪ್ಪಗೆ, ಗಂಧಕದಂಥ ಗಬ್ಬು ವಾಸನೆಯಿದ್ದರೆ ಅದು ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ, ಅಂದರೆ ಹೌಸಿಂಗ್‌ನ, ಗೇರ್ ಆಯಿಲ್, ಆಕ್ಸಲ್‌ನ ಆಯಿಲ್ ಸೀಲ್ ದಾಟಿ ಬಂದದ್ದು. ಸೀಲ್ ಬದಲಿಸಿ ಸುಮ್ಮನಾಗಬೇಡಿ, ಹೌಸಿಂಗ್ ಮೇಲಿರುವ ಗಾಳಿಕಿಂಡಿಯನ್ನೂ ನೋಡಿ. ಅದು ಕೆಸರಿನಿಂದ ಮುಚ್ಚಿದ್ದರೆ ಓಡುವಾಗ ಬಿಸಿಯಾದ ಗಾಳಿ ಹೋಗಲು ದಾರಿಯಿಲ್ಲದೆ ಆಯಿಲ್ಲನ್ನು ಸೀಲ್ ಮೂಲಕ ತಳ್ಳುತ್ತದೆ. ಹೊಸ ಸೀಲ್ ಹಾಕಿದರೂ ಮತ್ತೆ ಸೋರುವ ಗಾಡಿಗಳಲ್ಲಿ ತಪ್ಪು ಬಹಳ ಸಲ ಈ ಕಿಂಡಿಯದ್ದೇ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಅಥವಾ ಬೆಂಕಿಗೆ ಹಿಡಿದು ಮತ್ತೆ ಬಳಸಬೇಡಿ. ಬಿಸಿಯಾದೊಡನೆ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ.

ಜೋಡಣೆ

ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ಸ್ಪ್ರಿಂಗ್ ಯಾವ ತೂತಿಗೆ, ಯಾವುದರ ಹಿಂದೆ ಎಂದು ಮರೆತಾಗ ಇನ್ನೊಂದು ಬದಿ ಕಣ್ಣೆದುರು ಇರುತ್ತದೆ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಎಂಬುದು ನೆನಪಿರಲಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆದಿಡಿ. ಸ್ಪ್ರಿಂಗ್‌ಗಳು ಬಿಗಿಯಾಗಿರುತ್ತವೆ, ಕಣ್ಣಿಗೆ ಕನ್ನಡಕ ಹಾಕದೆ ಮುಟ್ಟಬೇಡಿ.

ಹಿಂಬದಿಯ ತಗಡಿನ ಮೇಲೆ ಶೂ ಜಾರುವ ಉಬ್ಬುಗಳಿವೆ. ಅವುಗಳಲ್ಲಿ ಗೀರು ಕೊರೆದು ಹಳ್ಳವಾಗಿದ್ದರೆ ಶೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉಜ್ಜಿ ನುಣುಪು ಮಾಡಿ, ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗ್ ಗ್ರೀಸ್ ಬೇಡ, ಅದು ಕರಗಿ ಲೈನರ್‌ಗೆ ಇಳಿಯುತ್ತದೆ. ಅಡ್ಜಸ್ಟರ್‌ನ ಥ್ರೆಡ್‌ಗೂ ಇದೇ ಗ್ರೀಸ್. ಎಡ ಬಲದ ಅಡ್ಜಸ್ಟರ್‌ಗಳು ಅದಲುಬದಲಾಗದಂತೆ ನೋಡಿಕೊಳ್ಳಿ, ಒಂದರ ಥ್ರೆಡ್ ಇನ್ನೊಂದಕ್ಕೆ ಉಲ್ಟಾ. ತಪ್ಪಿ ಹಾಕಿದರೆ ತಾನೇ ಬಿಗಿಯಾಗಬೇಕಾದದ್ದು ತಾನೇ ಸಡಿಲವಾಗುತ್ತಾ ಹೋಗುತ್ತದೆ. ಒಂದು ಶೂ ಇನ್ನೊಂದನ್ನು ತಳ್ಳುವ ಬಗೆಯ ಬ್ರೇಕ್‌ಗಳಲ್ಲಿ ಎರಡರ ಲೈನರ್ ಉದ್ದ ಬೇರೆ ಬೇರೆ ಇದ್ದರೆ ಚಿಕ್ಕದು ಗಾಡಿಯ ಮುಂಬದಿಗೆ ಬರಬೇಕು.

ಡ್ರಮ್ ಹಾಕಿದ ಮೇಲೆ ಅಡ್ಜಸ್ಟರ್ ತಿರುಗಿಸಿ ಡ್ರಮ್ ಪೂರ್ತಿ ಹಿಡಿಯುವವರೆಗೆ ಬಿಗಿ ಮಾಡಿ. ಎರಡು ಮೂರು ಸಲ ಪೆಡಲ್ ಒತ್ತಿಸಿ, ಶೂಗಳು ನಡುವಿಗೆ ಕೂರಲಿ. ಆಮೇಲೆ ಕೈಯಲ್ಲಿ ತಿರುಗಿಸಿದಾಗ ಹಗುರವಾಗಿ ಸವರುವ ಸದ್ದು ಬರುವಷ್ಟು ಸಡಿಲಿಸಿ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ನಂತರವೇ. ಸವೆದ ಲೈನರನ್ನು ಹಾಗೇ ಬಿಟ್ಟು ಕೇಬಲ್ ಎಳೆದು ಹ್ಯಾಂಡ್‌ಬ್ರೇಕ್ 'ಸರಿ' ಮಾಡುವ ರೂಢಿ ಕೆಟ್ಟದ್ದು. ಶೂಗಳು ಪೂರ್ತಿ ಹಿಂದೆ ಸರಿಯದೆ, ಅಡ್ಜಸ್ಟರ್ ಕೆಲಸ ನಿಲ್ಲಿಸಿ, ಪೆಡಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಏರ್ ತೆಗೆಯುವುದು

ಮಾಸ್ಟರ್ ಸಿಲಿಂಡರ್ ಮುಚ್ಚಳದ ಮೇಲೆ ಬರೆದ ದರ್ಜೆಯ ಬ್ರೇಕ್ ಆಯಿಲ್ಲನ್ನೇ ಬಳಸಿ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಸಿಲಿಕಾನ್‌ನ ಡಾಟ್ 5 ಇವೆರಡರೊಂದಿಗೂ ಬೆರೆಯುವುದಿಲ್ಲ. ಡಾಟ್ 3, ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯಬಹುದು. ಉದ್ದ ಇಳಿಜಾರಿನಲ್ಲಿ ಪೆಡಲ್ ಇದ್ದಕ್ಕಿದ್ದಂತೆ ನೆಲ ಮುಟ್ಟುವುದು ಹೀಗೆ ಕುದಿದು ಆವಿಯಾದಾಗ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸುವುದು, ಬಹಳ ದಿನದಿಂದ ತೆರೆದಿಟ್ಟ ಡಬ್ಬಿಯದನ್ನು ಬಳಸದಿರುವುದು. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ. ಎಂಜಿನ್ ಆಯಿಲ್, ಡೀಸೆಲ್ ಒಂದು ಹನಿಯೂ ಇದಕ್ಕೆ ಸೇರಬಾರದು, ರಬ್ಬರ್‌ಗಳೆಲ್ಲ ಊದಿಕೊಳ್ಳುತ್ತವೆ.

ಹಿಂದಿನ ದಿನವೇ, ಚಕ್ರಗಳ ಬಳಿ ಗಾಳಿ ಹೊರಬಿಡಲು ಇರುವ ನಿಪ್ಪಲ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿಚ್ಚುವಾಗ ರಿಂಗ್ ಸ್ಪ್ಯಾನರ್ ಮಾತ್ರ. ತಲೆ ಸವೆದರೆ ಇಡೀ ಸಿಲಿಂಡರ್ ಬಿಚ್ಚಬೇಕಾಗುತ್ತದೆ.

1. ಮಾಸ್ಟರ್ ಸಿಲಿಂಡರ್‌ನ ಆಯಿಲ್ ಡಬ್ಬಿಯಲ್ಲಿರುವ ಹಳೆಯ ಆಯಿಲ್ಲನ್ನು ಸಿರಿಂಜ್‌ನಿಂದ ಹೀರಿ ತೆಗೆದು, ಹೊಸದನ್ನು ತುಂಬಿ. ಪೂರ್ತಿ ಬದಲಿಸಲು ಒಂದು ಲೀಟರ್ ಕೈಯಲ್ಲಿರಲಿ.
2. ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು ಮಾಡಿ, ಹತ್ತಿರದ್ದರಲ್ಲಿ ಮುಗಿಸಿ. ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದರಂತೆ.
3. ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ.
4. ಜೊತೆಗಿದ್ದವರು ಪೆಡಲ್ ಒತ್ತಿ ಹಿಡಿಯಲಿ, ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ. ಪೆಡಲ್ ಕೆಳಗಿಳಿದ ಮೇಲೆ ನಿಪ್ಪಲ್ ಮುಚ್ಚಿ, ಮುಚ್ಚಿದೆ ಎಂದು ಕೂಗಿ ಹೇಳಿದ ಬಳಿಕವೇ ಪೆಡಲ್ ಬಿಡಬೇಕು.
5. ಗುಳ್ಳೆ ನಿಂತು ತಿಳಿ ಬಣ್ಣದ ಆಯಿಲ್ ಬರುವವರೆಗೆ ಮುಂದುವರಿಸಿ, ನಡುನಡುವೆ ಡಬ್ಬಿ ತುಂಬುತ್ತಿರಿ. ಒಮ್ಮೆ ಖಾಲಿಯಾದರೆ ಮೊದಲಿಂದ ಶುರು.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ನೆಲದವರೆಗೆ ಹೋಗದಂತೆ. ಮಾಸ್ಟರ್ ಸಿಲಿಂಡರ್‌ನಲ್ಲಿ ವರ್ಷಗಟ್ಟಲೆ ಬಳಕೆಯಾಗದ ಆಳದ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ರಬ್ಬರ್ ಅಲ್ಲಿಗೆ ಹೋದರೆ ಹರಿಯುತ್ತದೆ. 'ಏರ್ ತೆಗೆದ ಮೇಲೆಯೇ ಮಾಸ್ಟರ್ ಸಿಲಿಂಡರ್ ಹೋಯಿತು' ಎಂಬ ದೂರಿನ ಹಿಂದಿರುವುದು ಇದೇ.

ಇನ್ನು ಸ್ಟ್ಯಾಂಡ್ ಆಕ್ಸಲ್ ಕೆಳಗೇ ಇರಬೇಕೆಂದ ಕಾರಣ. ಅನೇಕ ಪಿಕಪ್‌ಗಳಲ್ಲಿ ಛಾಸಿ ಮತ್ತು ಹಿಂದಿನ ಆಕ್ಸಲ್ ನಡುವೆ ಸಣ್ಣ ಸರಳಿನಿಂದ ಕೂಡಿಸಿದ ಲೋಡ್ ವಾಲ್ವ್ ಇದೆ. ಆಕ್ಸಲ್ ಜೋತುಬಿದ್ದರೆ ಗಾಡಿ ಖಾಲಿ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ತಗ್ಗಿಸುತ್ತದೆ, ಏರ್ ಸರಿಯಾಗಿ ಬರುವುದಿಲ್ಲ. ವಾಲ್ವ್‌ಗೇ ನಿಪ್ಪಲ್ ಇದ್ದರೆ ಅಲ್ಲಿಯೂ ಏರ್ ತೆಗೆಯಬೇಕು. ಹೆಚ್ಚು ಲೋಡ್ ಹೊರಲೆಂದು ಸ್ಪ್ರಿಂಗ್‌ಗೆ ಒಂದು ಪ್ಲೇಟ್ ಸೇರಿಸಿದವರೂ ಇದನ್ನು ಗಮನಿಸಬೇಕು. ಹಿಂಬದಿ ಎತ್ತರವಾದ್ದರಿಂದ ವಾಲ್ವ್ ಮೋಸಹೋಗಿ, ತುಂಬಿದ ಗಾಡಿಗೂ ಖಾಲಿ ಗಾಡಿಯ ಬ್ರೇಕನ್ನೇ ಕೊಡುತ್ತದೆ. ಸರಳಿನ ಅಳತೆಯನ್ನು ಹೊಸದಾಗಿ ಹೊಂದಿಸಲೇಬೇಕು.

ಕೆಳಗೆ ಮಲಗಿದ್ದಾಗಲೇ

ಛಾಸಿಯ ಮೇಲೆ ಓಡುವ ಬ್ರೇಕ್ ಪೈಪನ್ನು ಕ್ಲಿಪ್‌ಗಳ ಹಿಂದೆ ನೋಡಿ, ಕೆಸರು ನಿಂತು ತುಕ್ಕು ತಿನ್ನುವುದು ಅಲ್ಲೇ. ಪದರ ಎದ್ದಿದ್ದರೆ ಪೈಪ್ ಬದಲಿಸಿ, ಅಂಟು ಹಾಕಿ ಮುಚ್ಚುವ ಜಾಗ ಅದಲ್ಲ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಜಾಯಿಂಟ್ ಶಾಫ್ಟ್‌ನ ಕ್ರಾಸ್, ಅಂದರೆ ಅದರ ತಿರುಗುವ ಕೀಲಿನ ಬಳಿ ಕೆಂಪು ಪುಡಿ ಕಂಡರೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತಿನ್ನುತ್ತಿದೆ. ಅದಕ್ಕೆ ಈಗ ಗ್ರೀಸ್ ಹೊಡೆದು ಫಲವಿಲ್ಲ, ಕ್ರಾಸ್ ಬದಲಿಸಿ. ಚೆನ್ನಾಗಿದ್ದರೆ ನಾಲ್ಕೂ ತುದಿಯಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಿರಿ. ಹೌಸಿಂಗ್ ಆಯಿಲ್ ಬದಲಿಸುವುದಾದರೆ ಮೊದಲು ತುಂಬುವ ಬಿರಡೆ ಬಿಚ್ಚಿ, ಆಮೇಲೆ ಕೆಳಗಿನದು. ಎಲ್ಲ ಸುರಿದ ಮೇಲೆ ಮೇಲಿನದು ಬರಲಿಲ್ಲವೆಂದರೆ ಗಾಡಿ ಅಲ್ಲೇ ನಿಂತಂತೆ.

ರಸ್ತೆಗೆ ಇಳಿಸುವಾಗ

ಚಕ್ರದ ನಟ್ಟುಗಳನ್ನು ಎದುರು ಬದುರಾಗಿ, ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಗುರವಾಗಿ ನಿಲ್ಲಿಸಿ. ನಡುವೆ ಬ್ರೇಕ್ ತಣಿಯಲು ಬಿಟ್ಟು, ಇಪ್ಪತ್ತು ಸಲವಾದರೂ ಹೀಗೆ ಮಾಡಿದರೆ ಲೈನರ್ ಡ್ರಮ್ಮಿಗೆ ಹೊಂದುತ್ತದೆ. ಅಲ್ಲಿಯವರೆಗೆ ಲೋಡ್ ಬೇಡ. ಐದಾರು ಕಿಲೋಮೀಟರ್ ಓಡಿದ ಮೇಲೆ ಎರಡೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಹೊಡೆಯುತ್ತಿದ್ದರೆ ಆ ಅಡ್ಜಸ್ಟರ್ ಹೆಚ್ಚು ಬಿಗಿಯಾಗಿದೆ ಇಲ್ಲವೇ ಕೇಬಲ್ ಹಿಂದಕ್ಕೆ ಬರುತ್ತಿಲ್ಲ. 50ರಿಂದ 100 ಕಿಲೋಮೀಟರ್ ಒಳಗೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಕೆಲವು ನೂರು ಕಿಲೋಮೀಟರ್ ನಂತರ ರಬ್ಬರ್ ಬಿರಡೆ ತೆಗೆದು ಅಡ್ಜಸ್ಟರ್ ಇನ್ನೊಮ್ಮೆ ಹೊಂದಿಸಿ, ಬಿರಡೆಯನ್ನು ಮರೆಯದೆ ವಾಪಸ್ ಹಾಕಿ. ಅದಿಲ್ಲದಿದ್ದರೆ ಮೊದಲ ಮಳೆಗೇ ಒಳಗೆ ಕೆಸರು.