ಹಾರ್ಡ್ ಡಿಸ್ಕ್‌ಗಳ ನಡುವೆ ಗಾಳಿ ಆಡುವಂತೆ ಮಾಡಿದ್ದು

ನನ್ನ ಡೆಸ್ಕ್‌ಟಾಪ್‌ನಲ್ಲಿ ಮೂರೂವರೆ ಇಂಚಿನ ಮೂರು ಹಾರ್ಡ್ ಡಿಸ್ಕ್‌ಗಳಿವೆ, ಎಲ್ಲವೂ ನಿಮಿಷಕ್ಕೆ 7200 ಸುತ್ತು ತಿರುಗುವಂಥವು. ಇಂಥ ಡಿಸ್ಕ್ ಒಂದು ಕೆಲಸದಲ್ಲಿರುವಾಗ ಸುಮಾರು 6ರಿಂದ 10 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಪ್ರೊಸೆಸರ್‌ಗೆ ಬಿಸಿ ಹೀರಿ ಹೊರಹಾಕುವ ಹೀಟ್‌ಸಿಂಕ್ ಎಂಬ ಲೋಹದ ಭಾಗ ಇದೆ, ಅದರ ಮೇಲೊಂದು ಫ್ಯಾನ್ ಇದೆ. ಡಿಸ್ಕ್‌ಗೆ ಇರುವುದು ತನ್ನ ಲೋಹದ ಮೈ ಮಾತ್ರ. ಸುತ್ತ ಗಾಳಿ ನಿಂತುಬಿಟ್ಟರೆ ಬಿಸಿ ಹೋಗುವುದಾದರೂ ಎಲ್ಲಿಗೆ?

ಏನನ್ನೂ ಮುಟ್ಟುವ ಮೊದಲು ಅಳೆದು ನೋಡಿದೆ. ಡಿಸ್ಕ್‌ನೊಳಗೇ ಸೆನ್ಸರ್ ಇರುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶಗಳು ಅದರ ಅಂಕಿ ತೋರಿಸುತ್ತವೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ‘ಸ್ಮಾರ್ಟ್’ ಪಟ್ಟಿಯಲ್ಲಿ ತಾಪಮಾನ ಸಾಮಾನ್ಯವಾಗಿ 194ನೇ ನಂಬರಿನಲ್ಲಿರುತ್ತದೆ. ಕಂಪ್ಯೂಟರ್ ಸುಮ್ನೆ ಕೂತಿರುವಾಗ ನೋಡಿ ಪ್ರಯೋಜನವಿಲ್ಲ. ಡಿಸ್ಕ್ ಅರ್ಧ ಕಿಲೋಗಿಂತ ಜಾಸ್ತಿ ತೂಗುವ ಲೋಹದ ಗಟ್ಟಿ, ನಿಧಾನವಾಗಿ ಕಾಯುತ್ತದೆ. ಹಾಗಾಗಿ ದೊಡ್ಡ ಬ್ಯಾಕಪ್ ಹಚ್ಚಿ, ಅಂಕಿ ಏರುವುದು ನಿಲ್ಲುವ ತನಕ ಕಾದೆ. ಮೇಲಿನದು 47 ಡಿಗ್ರಿ, ಕೆಳಗಿನದು 45, ನಡುವಿನದು 53.

ಸಾಮಾನ್ಯ ಡಿಸ್ಕ್‌ಗಳಿಗೆ ತಯಾರಕರು ಹಾಕುವ ಮಿತಿ ಹೆಚ್ಚಾಗಿ 60 ಡಿಗ್ರಿ. ಆದರೆ ಮಿತಿಯ ಪಕ್ಕದಲ್ಲೇ ವರ್ಷಗಟ್ಟಲೆ ಓಡಿಸುವುದು ನನಗೆ ಇಷ್ಟವಿಲ್ಲ. ಹಾಗಂತ ಐಸ್‌ನಂತೆ ತಣ್ಣಗಿಡಬೇಕಾಗಿಯೂ ಇಲ್ಲ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ತಣ್ಣಗಿದ್ದ ಡಿಸ್ಕ್‌ಗಳು ಹೆಚ್ಚು ಬಾಳುತ್ತವೆ ಎನ್ನುವುದು ಅದರಲ್ಲಿ ಕಾಣಲಿಲ್ಲ. ಬಿಸಿ ತುಂಬಾ ಏರಿದಾಗ, ಅದರಲ್ಲೂ ಹಳೆಯ ಡಿಸ್ಕ್‌ಗಳಲ್ಲಿ, ಕೆಡುವುದು ಜಾಸ್ತಿಯಾಗಿತ್ತು. ಕೆಲಸದ ನಡುವೆಯೂ 45 ದಾಟಬಾರದು, ಅಷ್ಟೇ ನನ್ನ ಗುರಿ.

ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ. ಮೂರೂ ಡಿಸ್ಕ್‌ಗಳು ಒಂದರ ಮೇಲೊಂದು ಅಂಟಿಕೊಂಡಂತೆ ಇದ್ದವು. ನಡುವೆ ಬೆರಳೂ ತೂರುತ್ತಿರಲಿಲ್ಲ. ಡಿಸ್ಕ್‌ಗಳನ್ನು ಕೂರಿಸುವ ಚೌಕಟ್ಟು, ಅಂದರೆ ಕೇಜ್‌ನಲ್ಲಿ, ನನಗಿರುವುದು ನಾಲ್ಕೇ ಸ್ಲಾಟ್. ಎರಡು ಡಿಸ್ಕ್‌ಗಳನ್ನು ನಡುವೆ ಒಂದು ಸ್ಲಾಟ್ ಖಾಲಿ ಬಿಟ್ಟು ಹಾಕಿದೆ. ಮೂರನೆಯದನ್ನು ಬ್ರಾಕೆಟ್ ಹಾಕಿ ಡಿವಿಡಿ ಡ್ರೈವ್‌ನ ಜಾಗಕ್ಕೆ ಏರಿಸಿದೆ. ಫ್ಯಾನ್ ಮುಟ್ಟದೆಯೇ 53 ಇದ್ದದ್ದು 47ಕ್ಕೆ ಇಳಿಯಿತು! ಗಾಳಿ ಡಿಸ್ಕ್‌ನ ತಳಕ್ಕೂ ತಾಗಬೇಕು, ಮೋಟರ್ ನಡೆಸುವ ಚಿಪ್ ಇರುವ ಬೋರ್ಡ್ ಅಲ್ಲೇ ಇರುವುದು. ಹೀಲಿಯಂ ತುಂಬಿ ಮುಚ್ಚಿದ ಡಿಸ್ಕ್ ಅಲ್ಲದಿದ್ದರೆ ಮೈಮೇಲೆ ಉಸಿರಾಡುವ ಸಣ್ಣ ತೂತೊಂದಿರುತ್ತದೆ. ಟೇಪ್, ಫೋಮ್ ಏನೇ ಅಂಟಿಸಿದರೂ ಅದನ್ನು ಮಾತ್ರ ಮುಚ್ಚಬೇಡಿ.

ಆಮೇಲೆ ಕೇಜ್‌ನ ಮುಂದೆ 120 ಎಂಎಂ ಫ್ಯಾನ್, ಗಾಳಿ ಒಳಗೆಳೆಯುವಂತೆ. ಇಲ್ಲೊಂದು ಸೂಕ್ಷ್ಮ ಇದೆ. ಡಿಸ್ಕ್‌ಗಳ ಸಂದಿಗಿಂತ ಕೇಜ್‌ನ ಅಕ್ಕಪಕ್ಕದ ಜಾಗ ದೊಡ್ಡದು, ಗಾಳಿ ಸಲೀಸಾದ ಆ ದಾರಿಯನ್ನೇ ಹಿಡಿಯುತ್ತದೆ. ಫ್ಯಾನ್‌ಗೂ ಕೇಜ್‌ಗೂ ನಡುವಿನ ಸಂದಿಯನ್ನು ಫೋಮ್ ಪಟ್ಟಿಯಿಂದ ಮುಚ್ಚಿದೆ. ಹಿಂದುಗಡೆ ಗೊಂಚಲಾಗಿ ಬಿದ್ದಿದ್ದ, ಡಿಸ್ಕ್‌ಗಳನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ಗಳನ್ನು ಬದಿಗೆ ಕಟ್ಟಿದೆ. ಈಗ ಕೇಜ್‌ನ ಹಿಂದೆ ಕೈ ಹಿಡಿದರೆ ಗಾಳಿ ತಾಕುವುದು ಗೊತ್ತಾಗುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ ವಿಷಯ ಫ್ಯಾನ್‌ನ ವೇಗ. ಮದರ್‌ಬೋರ್ಡ್ ಸಾಮಾನ್ಯವಾಗಿ ಪ್ರೊಸೆಸರ್‌ನ ಬಿಸಿ ನೋಡಿ ಫ್ಯಾನ್ ತಿರುಗಿಸುತ್ತದೆ. ಫೈಲ್ ಕಾಪಿ ಮಾಡುವಾಗ ಪ್ರೊಸೆಸರ್‌ಗೆ ಹೆಚ್ಚು ಕೆಲಸವೇ ಇಲ್ಲ, ಅಲ್ವಾ? ಡಿಸ್ಕ್‌ಗಳು ಕಾಯುವ ಹೊತ್ತಿನಲ್ಲೇ ಫ್ಯಾನ್ ತೂಕಡಿಸುತ್ತದೆ. ಮದರ್‌ಬೋರ್ಡ್‌ನ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಈ ಫ್ಯಾನ್‌ನ ವೇಗವನ್ನು ನಿಮಿಷಕ್ಕೆ 800 ಸುತ್ತಿಗೆ ನಿಲ್ಲಿಸಿದೆ. 1400ಕ್ಕೆ ಏರಿಸಿಯೂ ನೋಡಿದೆ. ಎರಡು ಡಿಗ್ರಿ ಇಳಿಯಿತು, ಸದ್ದು ಮಾತ್ರ ವಿಪರೀತ. ಡಿಸ್ಕ್‌ನ ಬಿಸಿ ನೋಡಿಯೇ ಫ್ಯಾನ್ ಓಡಬೇಕೆಂದರೆ ಅದಕ್ಕೂ ದಾರಿಯಿದೆ. ಲಿನಕ್ಸ್‌ನಲ್ಲಿ ಅದರ ತಿರುಳಾದ ಕರ್ನಲ್‌ನ 5.6ನೇ ಆವೃತ್ತಿಯಿಂದ ಡಿಸ್ಕ್‌ನ ಬಿಸಿ ತಿಳಿಸುವ ಡ್ರೈವ್‌ಟೆಂಪ್ ಎಂಬ ಮಾಡ್ಯೂಲ್ ಇದೆ, ವಿಂಡೋಸ್‌ಗೆ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಸಿಗುತ್ತದೆ.

ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರ್‌ಗಳನ್ನು ತೆಗೆಯಲಿಲ್ಲ. ಅವು ಬಿಸಿಯನ್ನು ಕೇಜ್‌ಗೆ ದಾಟಲು ಸ್ವಲ್ಪ ತಡೆಯುತ್ತವೆ ನಿಜ, ಆದರೆ ಅದುರುವಿಕೆಯನ್ನೂ ತಡೆಯುತ್ತವೆ. ಗಾಳಿ ಚೆನ್ನಾಗಿ ಆಡುತ್ತಿದ್ದರೆ ಆ ನಷ್ಟ ದೊಡ್ಡದಲ್ಲ.

ಈಗ ಅದೇ ಬ್ಯಾಕಪ್ ಹಚ್ಚಿದರೆ ಮೂರೂ 39ರಿಂದ 42ರ ಒಳಗೇ ಇರುತ್ತವೆ. 48 ತಲುಪಿದರೆ ಎಚ್ಚರಿಕೆ ಬರುವಂತೆ ಇಟ್ಟಿದ್ದೇನೆ. ಅಂಕಿ ಮೆಲ್ಲಗೆ ಏರತೊಡಗಿದರೆ ನಾನು ಮೊದಲು ಬಿಚ್ಚುವುದು ಮುಂದಿನ ಧೂಳಿನ ಫಿಲ್ಟರನ್ನು.